ಕವರ್ ತೆರೆಯೋಕೆ ಇಬ್ಬರು ಬೇಕು

(ಸಾಲ ತೀರಿಸುತ್ತಿರುವವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು "ಮಿತವ್ಯಯದ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ನಿಜ ಹೇಳಬೇಕೆಂದರೆ ಆ ಪದ ಕೇಳಿದರೇ ನನಗೆ ಆಕಳಿಕೆ ಬರುತ್ತದೆ. ದೀಪ ಆರಿಸಿ, ನಲ್ಲಿ ಬಿಗಿ ಮಾಡಿ, ಬೇಡದ್ದು ಕೊಳ್ಳಬೇಡಿ. ಇದೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ. ಮುಳುಗುತ್ತಿರುವವನಿಗೆ ದಡದಲ್ಲಿ ನಿಂತು ಈಜು ಹೇಳಿಕೊಟ್ಟ ಹಾಗಾಗುತ್ತದೆ. ಅದಕ್ಕೇ ನಾನು ಉಳಿತಾಯದಿಂದ ಶುರು ಮಾಡುವುದಿಲ್ಲ, ಬೀರುವಿನಿಂದ ಶುರು ಮಾಡುತ್ತೇನೆ.

ನಮ್ಮ ಮನೆ ಬೀರುವಿನಲ್ಲಿ, ನನ್ನ ಅಂಗಿಗಳ ಅಡಿಯಲ್ಲಿ, ಹನ್ನೊಂದು ಕವರ್ ಇದ್ದವು. ಒಂದನ್ನೂ ತೆರೆದಿರಲಿಲ್ಲ. ಯಾರು ಕಳಿಸಿದ್ದು ಅಂತ ಮೇಲಿನ ಮುದ್ರೆ ನೋಡಿದರೆ ಸಾಕು, ಅಂಗಿ ಎತ್ತಿ ಒಳಗೆ ತಳ್ಳುತ್ತಿದ್ದೆ. ಯಾರ ಕಣ್ಣಿಗೂ ಬೀಳಬಾರದು ಅಂತ ಬಟ್ಟೆ ಮಡಚಿಡುವ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದೆ. ಹೆಂಡತಿ ಪಾಪ, ಗಂಡ ಕೊನೆಗೂ ಮನೆಗೆಲಸ ಕಲಿತ ಅಂದುಕೊಂಡಿದ್ದಳು.

ಒಂದು ರಾತ್ರಿ ಬಾಯಿಬಿಟ್ಟೆ. ಧೈರ್ಯ ಬಂದು ಹೇಳಿದ್ದು ಅಂದುಕೊಳ್ಳಬೇಡಿ. ವಸೂಲಿಯವರು ಫೋನ್ ಮಾಡಿದರು, ಅದನ್ನು ಅವಳು ಎತ್ತಿಬಿಟ್ಟಳು. ಫೋನ್ ಇಟ್ಟವಳು ಕೂಗಾಡಲಿಲ್ಲ. ಮಗಳ ಹಳೇ ನೋಟ್‌ಬುಕ್ ತಂದು, ಹಿಂದಿನ ಪುಟ ತಿರುಗಿಸಿ, "ಒಂದೊಂದೇ ಹೇಳಿ" ಅಂದಳು. ಹೇಳಿದೆ, ಬರೆದುಕೊಂಡಳು. "ಇಷ್ಟೇನಾ?" ಅಂದಳು. ಇಷ್ಟೇ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇಷ್ಟೇನಾ?" ಆಗ ಇನ್ನೊಂದು ಸಾಲ ನೆನಪಾಯಿತು. ಮೂರನೇ ಸಲ ಕೇಳಿದಾಗ ತಮ್ಮನ ಹತ್ತಿರ ತಂದಿದ್ದ ಕೈಸಾಲವೂ ಹೊರಗೆ ಬಂತು. ಆಮೇಲೆ ಕವರ್‌ಗಳನ್ನು ತಂದು ಮಂಚದ ಮೇಲೆ ಸುರಿದೆ. ಅವಳು ಹರಿದು ತೆಗೆಯುವುದು, ನಾನು ಓದುವುದು. ನಾನು ಬಾಯಲ್ಲಿ ಹೇಳಿದ ಮೊತ್ತಕ್ಕಿಂತ ಕಾಗದದಲ್ಲಿದ್ದ ಮೊತ್ತ ಸುಮಾರು ಕಾಲು ಭಾಗ ಜಾಸ್ತಿ ಇತ್ತು. ನಾನು ಸುಳ್ಳು ಹೇಳಿರಲಿಲ್ಲ. ನನ್ನ ಸಾಲ ಎಷ್ಟು ಅಂತ ನನಗೇ ಗೊತ್ತಿರಲಿಲ್ಲ, ಅಷ್ಟೇ.

ನಾನು ಇವತ್ತು ಹೇಳಬೇಕು ಅಂತಿರುವುದೂ ಇದನ್ನೇ. ಖರ್ಚು ಕಡಿಮೆ ಮಾಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಗುಟ್ಟಾಗಿ ಒಬ್ಬನೇ ಕಡಿಮೆ ಮಾಡುವುದು ಹೆಚ್ಚುಕಮ್ಮಿ ಆಗದ ಮಾತು. ಬಚ್ಚಿಟ್ಟ ಸಾಲಕ್ಕೆ ಎರಡು ಬಡ್ಡಿ ಬೀಳುತ್ತದೆ. ಒಂದು ಕಾಗದದ ಮೇಲೆ, ಇನ್ನೊಂದು ನಿದ್ದೆಯ ಮೇಲೆ.

ಮೊದಲು ಕಾಗದದ ಬಡ್ಡಿ ನೋಡೋಣ. ಲೆಕ್ಕ ಅಂದ ತಕ್ಷಣ ಹಿಂದಿನ ಸಾಲಿನವರು ಫೋನ್ ತೆಗೆಯಬೇಡಿ, ಎರಡೇ ಎರಡು ಲೆಕ್ಕ.

ತಿಂಗಳಿಗೆ ನೂರಕ್ಕೆ 3 ಅಂದರೆ ಕೇಳೋಕೆ ಚಿಕ್ಕದು. ವರ್ಷಕ್ಕೆ 36 ಅಂದುಕೊಳ್ಳುತ್ತೇವೆ. ಆದರೆ ಬಡ್ಡಿ ಮೇಲೆ ಬಡ್ಡಿ ಸೇರುವುದರಿಂದ, ಏನೂ ಕಟ್ಟದೆ ಬಿಟ್ಟರೆ ವರ್ಷದ ಕೊನೆಗೆ ಅದು ಸುಮಾರು 42.6 ಆಗಿರುತ್ತದೆ. ಈಗ ಅಂಥ ಬಡ್ಡಿಯ 1 ಲಕ್ಷ ಸಾಲ ಇದೆ ಅಂದುಕೊಳ್ಳಿ. ಕಾರ್ಡಿನ ಸಾಲದಲ್ಲಿ "ಕನಿಷ್ಠ ಪಾವತಿ" ಅಂತ ಒಂದು ಸಾಲು ಇರುತ್ತದಲ್ವಾ? ಅದು ಬಾಕಿಯ ನೂರಕ್ಕೆ 5 ಅಂತಿಟ್ಟುಕೊಳ್ಳಿ. ನೀವು ಹೊಸದಾಗಿ ಏನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ, ಆ ಕನಿಷ್ಠವನ್ನು ಕಟ್ಟುತ್ತೀರಿ. ವರ್ಷ ಮುಗಿಯುವಷ್ಟರಲ್ಲಿ ಸುಮಾರು 55,000 ಕಟ್ಟಿರುತ್ತೀರಿ. ಸಾಲ ಎಷ್ಟು ಇಳಿದಿರುತ್ತದೆ? ಬರೀ 23,000. ಉಳಿದ 32,000 ಬಡ್ಡಿಗೆ ಹೋಗಿರುತ್ತದೆ.

ಇದರಲ್ಲಿ ಒಂದು ಕಣ್ಕಟ್ಟು ಇದೆ. ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ. ನಮಗೆ ಅದು ನಿರಾಳ ಅನ್ನಿಸುತ್ತದೆ. ಆ ನಿರಾಳವೇ ಸಾಲವನ್ನು ಎಳೆದಾಡಿಸುವುದು. ಮೊದಲ ತಿಂಗಳು ಬಡ್ಡಿ ಸೇರಿ ಬಾಕಿ 1,03,000, ಅದರ ನೂರಕ್ಕೆ 5 ಅಂತ ಕಟ್ಟಿದ್ದು 5,150. ಕಾಗದದಲ್ಲಿ ಏನೇ ಬರೆದಿರಲಿ, ಪ್ರತಿ ತಿಂಗಳೂ ಅದೇ 5,150 ಕಟ್ಟಿದರೆ 30 ತಿಂಗಳಿಗೆ ಸಾಲ ಪೂರ್ತಿ ಮುಗಿಯುತ್ತದೆ. ಕನಿಷ್ಠವನ್ನೇ ಕಟ್ಟುತ್ತಾ ಹೋದವರಿಗೆ ಅದೇ 30 ತಿಂಗಳಿಗೆ ಇನ್ನೂ 52,000 ಬಾಕಿ ಇರುತ್ತದೆ. ಒಂದು ಕಾಸೂ ಜಾಸ್ತಿ ದುಡಿಯದೆ, ಮೊದಲ ಕಂತನ್ನು ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೆ ಸಿಕ್ಕ ಫಲ ಇದು. ನಮ್ಮ ನೋಟ್‌ಬುಕ್ಕಿನಲ್ಲಿ ಹೆಂಡತಿ ನಮ್ಮ ಮೊದಲ ಕಂತಿನ ಮೊತ್ತದ ಸುತ್ತ ಕೆಂಪು ಪೆನ್ನಲ್ಲಿ ಚೌಕ ಹಾಕಿದ್ದಳು. "ಇದು ಇಳಿಯುವ ಹಾಗಿಲ್ಲ" ಅಂತ ಪಕ್ಕದಲ್ಲಿ ಬರೆದಿದ್ದಳು.

ಇನ್ನೊಂದು ಲೆಕ್ಕ. "ಬರೀ ಶೇಕಡಾ 10, ಫ್ಲಾಟ್" ಅಂತ ಯಾರಾದರೂ ಅಂದರೆ ಸ್ವಲ್ಪ ನಿಲ್ಲಿ. ಫ್ಲಾಟ್ ಅಂದರೆ ಮೊದಲು ಪಡೆದ ಪೂರ್ತಿ ಮೊತ್ತದ ಮೇಲೇ ಕೊನೆತನಕ ಬಡ್ಡಿ. 1 ಲಕ್ಷಕ್ಕೆ, 3 ವರ್ಷಕ್ಕೆ, ಆ ಲೆಕ್ಕದಲ್ಲಿ ಬಡ್ಡಿ 30,000. ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ಕಟ್ಟುತ್ತಾ ಬರುತ್ತಿದ್ದೀರಿ. ಕೊನೆಯ ತಿಂಗಳುಗಳಲ್ಲಿ ನಿಮ್ಮ ಕೈಯಲ್ಲಿ ಉಳಿದಿರುವ ಸಾಲ ಮೂರು ಕಾಸು, ಬಡ್ಡಿ ಮಾತ್ರ ಪೂರ್ತಿ ಲಕ್ಷದ್ದು. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 18ರ ಹತ್ತಿರ ಬರುತ್ತದೆ. ಬೇರೆ ಸಾಲದ ಜೊತೆ ಹೋಲಿಸುವಾಗ ಎರಡೂ ಒಂದೇ ಲೆಕ್ಕದಲ್ಲಿ ಇವೆಯಾ ಅಂತ ಕೇಳಿ.

ಈಗ ನಿದ್ದೆಯ ಬಡ್ಡಿ. ಅರ್ಥಶಾಸ್ತ್ರಜ್ಞ ಸೆಂದಿಲ್ ಮುಲ್ಲೈನಾಥನ್, ಮನಶ್ಶಾಸ್ತ್ರಜ್ಞ ಎಲ್ಡಾರ್ ಶಫೀರ್ ಮತ್ತು ಅವರ ಜೊತೆಗಾರರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು, ಅಂದರೆ ಕೈ ಖಾಲಿ ಇರುವಾಗ, ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಕಟಾವು ಮುಗಿದು ಹಣ ಕೈಸೇರಿದ ಮೇಲೆ ಅವರಿಗೇ ಮತ್ತೆ ಕೊಟ್ಟರು. ಹಣ ಇಲ್ಲದಾಗ ಅದೇ ಜನ ಕಡಿಮೆ ಅಂಕ ತೆಗೆದರು. ಇದನ್ನು ಓದಿದಾಗ ನನಗೆ ಸಮಾಧಾನ ಆಯಿತು. ಸಾಲದ ವರ್ಷಗಳಲ್ಲಿ ನಾನು ಮಾಡಿದ ಪೆದ್ದು ಕೆಲಸಗಳು ಒಂದಾ ಎರಡಾ. ಒಂದು ಕಂತು ಕಟ್ಟೋಕೆ ಅದಕ್ಕಿಂತ ದುಬಾರಿ ಸಾಲ ತಂದಿದ್ದೆ. ತಲೆಯೊಳಗೆ ಇಡೀ ದಿನ ಬಾಕಿಯೇ ಗುಂಯ್‌ಗುಡುತ್ತಿದ್ದರೆ ಬೇರೆ ಯೋಚನೆಗೆ ಜಾಗ ಎಲ್ಲಿ ಉಳಿಯುತ್ತದೆ? ಅಂಥ ಹೊತ್ತಲ್ಲಿ ಇನ್ನೊಂದು ತಲೆ ಪಕ್ಕದಲ್ಲಿ ಇರಬೇಕು. ನಮಗಿಂತ ಜಾಣ ತಲೆ ಆಗಬೇಕಿಲ್ಲ. ಆ ಗುಂಯ್‌ಗುಡುವಿಕೆ ಇಲ್ಲದ ತಲೆ ಆದರೆ ಸಾಕು.

ಯಾವ ಸಾಲ ಮೊದಲು? ಎಲ್ಲ ಕಡೆ ಕೇಳುವ ಪ್ರಶ್ನೆ ಇದು. ಗಣಿತ ಹೇಳುವುದು ಒಂದೇ: ಎಲ್ಲದಕ್ಕೂ ಕನಿಷ್ಠ ಕಟ್ಟಿ, ಮಿಕ್ಕಿದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯಿರಿ. ಅದರಲ್ಲಿ ವಾದವೇ ಇಲ್ಲ. ಆದರೆ ಅತಿ ಚಿಕ್ಕ ಸಾಲವನ್ನು ಮೊದಲು ಮುಗಿಸಿ ಅನ್ನುವವರೂ ಇದ್ದಾರೆ. ಒಂದು ಹೆಸರು ಪಟ್ಟಿಯಿಂದ ಅಳಿಸಿಹೋದಾಗ ಸಿಗುವ ಹುರುಪು ಮುಂದಿನದಕ್ಕೆ ಕೈ ಹಚ್ಚಿಸುತ್ತದೆ ಅನ್ನುವುದು ಅವರ ವಾದ. ನಾನು ಎರಡನ್ನೂ ಬೆರೆಸಿದೆ. ಮೊದಲು ತಮ್ಮನ ಕೈಸಾಲ ತೀರಿಸಿದೆ. ಅದಕ್ಕೆ ಬಡ್ಡಿಯೇ ಇರಲಿಲ್ಲ, ಗಣಿತದ ಪ್ರಕಾರ ಶುದ್ಧ ತಪ್ಪು. ಆದರೆ ಅವನ ಮುಖ ನೋಡೋಕೆ ಆಗದೆ ಎರಡು ವರ್ಷ ಮನೆಯ ಸಮಾರಂಭಗಳಿಗೇ ಹೋಗಿರಲಿಲ್ಲ. ಅದಕ್ಕೆ ಬಡ್ಡಿ ಇಲ್ಲ ಅಂತ ಹೇಳಬಲ್ಲಿರಾ? ಆಮೇಲೆ ಗಣಿತದ ಮಾತು ಕೇಳಿದೆ.

ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುವುದು ಮಾತ್ರ ಬೇಡ. ನಾನು ಅದನ್ನೇ ಮಾಡುತ್ತಿದ್ದೆ. ದಿನಕ್ಕೆ ಐದು ಸಲ ಫೋನ್ ಮಾಡುವವರಿಗೆ ಕೊಟ್ಟು, ಸುಮ್ನೆ ಕಾಯುತ್ತಿದ್ದ ಮನೆ ಬಾಡಿಗೆ ಮುಂದೂಡುತ್ತಿದ್ದೆ. ತಲೆ ಮೇಲಿನ ಸೂರು, ವಿದ್ಯುತ್ತು, ಔಷಧಿ, ದುಡಿಮೆಗೆ ಬೇಕಾದ ಓಡಾಟ. ಇವು ಮೊದಲು. ಕಂತು ತಪ್ಪುತ್ತದೆ ಅಂತ ಗೊತ್ತಾದ ದಿನವೇ, ತಪ್ಪುವ ಮೊದಲೇ, ಸಾಲ ಕೊಟ್ಟವರಿಗೆ ನೀವೇ ಹೇಳಿ. ಅವಧಿ ಬದಲಿಸಿ ಕೊಡಿ, ಕಂತು ಇಳಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪಿದ್ದನ್ನೂ ಬರವಣಿಗೆಯಲ್ಲೇ ಪಡೆಯಿರಿ. ಅವಧಿ ಉದ್ದವಾದರೆ ಒಟ್ಟು ಬಡ್ಡಿ ಹೆಚ್ಚುತ್ತದೆ, ಅದು ನೆನಪಿರಲಿ.

ಈಗ ಖರ್ಚಿಗೆ ಬರೋಣ, ಇಲ್ಲದಿದ್ದರೆ ನನ್ನನ್ನು ಕರೆದವರು ಬೈಯುತ್ತಾರೆ.

ಮೊದಲ ಮೂರು ತಿಂಗಳು ನಾವು ಎಲ್ಲವನ್ನೂ ಕತ್ತರಿಸಿದೆವು. ಎಲ್ಲ ಅಂದರೆ ಎಲ್ಲ. ನಾಲ್ಕನೇ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಜಗಳ ಆಡಿ, ಆ ಸಿಟ್ಟಿಗೆ ಹೊರಗೆ ಹೋಗಿ, ಮೂರು ತಿಂಗಳು ಉಳಿಸಿದ್ದರಲ್ಲಿ ಅರ್ಧ ಮುಗಿಸಿ ಬಂದೆವು. ಉಸಿರು ಬಿಗಿಹಿಡಿದು ಎಷ್ಟು ದೂರ ಓಡಬಹುದು? ಆಮೇಲೆ ಬುದ್ಧಿ ಬಂತು. ಇಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಸಣ್ಣ ಮೊತ್ತ ತೆಗೆದಿಟ್ಟೆವು. ಅದನ್ನು ಏನು ಮಾಡಿದಿರಿ ಅಂತ ಇನ್ನೊಬ್ಬರು ಕೇಳುವ ಹಾಗಿಲ್ಲ. ನಾನು ನೋಡಿದ ಮಟ್ಟಿಗೆ, ಈ ಕೇಳದೆ ಬಿಟ್ಟ ಹಣವೇ ಮನೆಯ ಉಳಿದ ಲೆಕ್ಕವನ್ನು ಕಾಪಾಡಿತು.

ಇನ್ನು, ಉಳಿತಾಯ ಅಂದರೆ ನಮ್ಮ ಕಣ್ಣು ಚಿಲ್ಲರೆ ಮೇಲೇ ಹೋಗುತ್ತದೆ. ಅಪರೂಪಕ್ಕೆ ಮಾಡುವ ಸಣ್ಣ ಖರ್ಚಿಗೆ ನೊಂದುಕೊಳ್ಳುತ್ತೇವೆ. ತಿಂಗಳು ತಿಂಗಳು ತಾನೇ ತಾನಾಗಿ ಕಡಿತವಾಗುವ ಚಂದಾ, ವಿಮೆ, ಫೋನ್ ಪ್ಲಾನ್, ಅಗತ್ಯಕ್ಕಿಂತ ದೊಡ್ಡ ಮನೆ, ಇವನ್ನು ನೋಡುವುದೇ ಇಲ್ಲ. ಇವುಗಳಲ್ಲಿ ಒಂದನ್ನು ಒಂದು ಸಲ ಸರಿಮಾಡಿದರೆ ಸಾಕು, ಪ್ರತಿ ತಿಂಗಳೂ ಉಳಿಯುತ್ತದೆ. ಚಿಲ್ಲರೆ ಖರ್ಚಿನಲ್ಲಿ ಪ್ರತಿದಿನ ಮನಸ್ಸು ಗಟ್ಟಿ ಮಾಡಬೇಕು. ಮೊದಲು ಒಂದು ಸಲದ ಕೆಲಸ ಮುಗಿಸಿ.

ಬರೆದಿಡುವುದು ಹಳೆಯ ಉಪಾಯ, ಆದರೂ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ ಗೃಹಿಣಿಯರಿಗಾಗಿ ಮನೆ ಲೆಕ್ಕದ ಪುಸ್ತಕವನ್ನು 1904ರಲ್ಲೇ ತಂದರು. ಅಲ್ಲಿ ಆ ಪದ್ಧತಿಗೆ ಕಾಕೆಬೊ ಅನ್ನುತ್ತಾರೆ, ಈಗಲೂ ನಡೆದುಕೊಂಡು ಬಂದಿದೆ. ಫೋನಿನಲ್ಲಿ ಆ್ಯಪ್ ಇದೆ ಅಂತ ನನಗೂ ಗೊತ್ತು. ಆದರೆ ಕೈಯಲ್ಲಿ ಬರೆಯುವಾಗ ಆಗುವ ಆ ಸಣ್ಣ ನಾಚಿಕೆ ಆ್ಯಪಿನಲ್ಲಿ ಆಗುವುದಿಲ್ಲ. ಒಂದೇ ಎಚ್ಚರಿಕೆ: ಮನೆಯಲ್ಲಿ ಲೆಕ್ಕ ಬರೆಯುವವರು ಪೊಲೀಸ್ ಆಗಬಾರದು. ನಾವು ತಿಂಗಳಿಗೊಬ್ಬರು ಬರೆಯುತ್ತಿದ್ದೆವು. ಈ ತಿಂಗಳ ಪೊಲೀಸ್ ಬರುವ ತಿಂಗಳ ಕಳ್ಳ.

ಇನ್ನೊಬ್ಬರ ಜೊತೆ ಸೇರಿ ಮಾಡುವುದೂ ಹೊಸದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಲ್ಲಿ 28 ಜನ ಸೇರಿ ತಮ್ಮದೇ ಅಂಗಡಿ ತೆರೆದರು. ಅವರಲ್ಲಿ ನೇಕಾರರೂ ಇದ್ದರು. ತಲಾ ಒಂದು ಪೌಂಡ್ ಬಂಡವಾಳ, ಅದನ್ನೂ ವಾರವಾರ ಕೆಲವು ಪೆನ್ನಿಗಳಂತೆ ಕೂಡಿಸಿದ್ದು. ಅವರ ನಿಯಮಗಳಲ್ಲಿ ಒಂದು ಬಲು ಗಟ್ಟಿ: ಉದ್ದರಿ ಇಲ್ಲ, ನಗದು ಮಾತ್ರ. ಇದ್ದವರೇ ಬಡವರು, ಉದ್ದರಿ ಕೊಡುವುದೇ ದಯೆ ಅಲ್ವಾ ಅಂತ ನಮಗೆ ಅನ್ನಿಸಬಹುದು. ಆದರೆ ಉದ್ದರಿಯಲ್ಲಿ ಸಿಕ್ಕಿಬಿದ್ದ ಸಂಸಾರಗಳನ್ನು ಅವರು ಹತ್ತಿರದಿಂದ ನೋಡಿದ್ದರು. ಇವತ್ತಿನ ಸಹಕಾರ ಚಳವಳಿ ತನ್ನ ಬೇರನ್ನು ಆ ಅಂಗಡಿಯಲ್ಲಿ ಗುರುತಿಸಿಕೊಳ್ಳುತ್ತದೆ.

ನಮ್ಮ ಗುಂಪಿಗೆ ಇನ್ನೂ ಹತ್ತಿರದ ಮಾದರಿ ಡೆಟರ್ಸ್ ಅನಾನಿಮಸ್. ಕುಡಿತ ಬಿಡಿಸಲು 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ದಾರಿಯಲ್ಲೇ, 1976ರಲ್ಲಿ ನ್ಯೂಯಾರ್ಕ್‌ನಲ್ಲಿ ಸಾಲಗಾರರ ಸಭೆಗಳು ಕಾಲೂರಿದವು. ಹೆಸರು ಹೇಳಬೇಕಿಲ್ಲ, ಶುಲ್ಕ ಇಲ್ಲ. ಇವತ್ತೊಂದು ದಿನ ಹೊಸ ಸಾಲ ಮಾಡುವುದಿಲ್ಲ, ಅಷ್ಟೇ. ಅಲ್ಲಿ ನನಗೆ ಬಹಳ ಹಿಡಿಸಿದ ಪದ್ಧತಿ ಒಂದಿದೆ. ಸ್ವಲ್ಪ ಕಾಲ ಹೊಸ ಸಾಲ ಮಾಡದೆ ನಡೆದುಕೊಂಡಿರುವ ಇಬ್ಬರು ಸದಸ್ಯರು, ಹೊಸಬರ ಜೊತೆ ಕೂತು ಅವರ ಆದಾಯ, ಖರ್ಚು, ಸಾಲ ಎಲ್ಲವನ್ನೂ ನೋಡುತ್ತಾರೆ. ಲೆಕ್ಕಿಗರಲ್ಲ, ವಕೀಲರಲ್ಲ, ಅದೇ ಹಳ್ಳಕ್ಕೆ ಬಿದ್ದು ಎದ್ದವರು.

ನಾವು ನಾಲ್ಕು ಮನೆಯವರು ಇದನ್ನೇ ನಮ್ಮ ಮಟ್ಟಕ್ಕೆ ಇಳಿಸಿಕೊಂಡೆವು. ತಿಂಗಳ ಕೊನೆಯ ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಪ್ರತಿಯೊಬ್ಬರೂ ಎರಡು ಸಂಖ್ಯೆ ಹೇಳಬೇಕು: ಕಳೆದ ತಿಂಗಳ ಬಾಕಿ, ಈ ತಿಂಗಳ ಬಾಕಿ. ಏರಿದ್ದರೂ ಹೇಳಬೇಕು. ಕೇಳದೆ ಸಲಹೆ ಕೊಡುವ ಹಾಗಿಲ್ಲ. ಈ ನಿಯಮ ಪಾಲಿಸೋಕೆ ನನಗೆ ಒಂದು ವರ್ಷ ಬೇಕಾಯಿತು, ನಾಲಿಗೆ ಸುಮ್ಮನಿರುವುದಿಲ್ಲ ನೋಡಿ. ಒಂದು ಏಣಿ, ಒಂದು ಡ್ರಿಲ್, ಒಂದು ಹೊಲಿಗೆ ಯಂತ್ರ ನಾಲ್ಕು ಮನೆ ಸುತ್ತುತ್ತದೆ. ಮಕ್ಕಳ ಶೂ ಒಬ್ಬರಿಂದ ಒಬ್ಬರಿಗೆ ಇಳಿಯುತ್ತದೆ. ಒಬ್ಬರಿಗೆ ಹೆಚ್ಚುವರಿ ಪಾಳಿ ಸಿಕ್ಕರೆ ಅವರ ಮಕ್ಕಳು ಇನ್ನೊಬ್ಬರ ಮನೆಯಲ್ಲಿ.

ಆದರೆ ಒಬ್ಬರಿಗೊಬ್ಬರು ಹಣ ಕೊಡುವುದಿಲ್ಲ. ಜಾಮೀನು ನಿಲ್ಲುವುದಿಲ್ಲ.

(ಇಲ್ಲಿ ಒಬ್ಬರು ಎದ್ದು, "ಹಣ ಕೊಡದೆ ಅದೆಂಥ ಸಹಾಯ ಸ್ವಾಮಿ?" ಅಂದರು. ಸಭೆ ನಕ್ಕಿತು.)

ನೀವು ಕೇಳುವುದು ನ್ಯಾಯವೇ. ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ ಅನ್ನುವುದು ಮೊದಲ ಉತ್ತರ. ಎರಡನೆಯದು, ನಾವು ಕೊಟ್ಟ ದಿನದಿಂದ ಅವರು ನಮ್ಮ ಸಾಲಗಾರರು. ಮುಂದಿನ ಭಾನುವಾರ ಅವರು ಸಂಖ್ಯೆ ಹೇಳುವಾಗ ನನ್ನ ಮುಖ ನೋಡಿಕೊಂಡು ಹೇಳುತ್ತಾರೆ. ಒಬ್ಬರು ಬರುವುದು ನಿಲ್ಲಿಸಿದರೆ ಗುಂಪು ಮುಗಿದ ಹಾಗೆ. ಇನ್ನು ಜಾಮೀನು. ಅದು ಬರೀ ಸಹಿ ಅಂದುಕೊಳ್ಳುತ್ತಾರೆ. ಸಾಲ ತೆಗೆದುಕೊಂಡವರು ಕಟ್ಟದಿದ್ದರೆ ಪೂರ್ತಿ ಬಾಕಿಗೆ ನಿಮ್ಮನ್ನೇ ಹಿಡಿಯಬಹುದು. ಅರ್ಧಕ್ಕಲ್ಲ.

ಹಣ ಇಲ್ಲದ ಸಹಾಯ ಹೇಗಿರುತ್ತದೆ ಅಂತ ಹೇಳುತ್ತೇನೆ. ಒಂದು ಸಂಜೆ ನಮ್ಮ ಗುಂಪಿನ ಗೆಳತಿಯೊಬ್ಬರು ಫೋನ್ ಮಾಡಿದರು. "ಅಂಗಡಿ ಮುಂದೆ ನಿಂತಿದ್ದೀನಿ ಅಣ್ಣ. ಕಂತಿನಲ್ಲಿ ಫೋನ್ ಕೊಡ್ತಾರಂತೆ. ಮೊದಲ ಕಂತು ಎರಡು ತಿಂಗಳು ಬಿಟ್ಟು." ಮಗ ಓದೋಕೆ ಬೇಕು ಅಂತ ಹಟ ಹಿಡಿದಿದ್ದ. ನಾನು ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. "ಆ ಕಡೆ ಮರದ ನೆರಳಿಗೆ ಬನ್ನಿ, ಮಾತಾಡೋಣ" ಅಂದೆ. ಹದಿನೆಂಟು ನಿಮಿಷ ಮಾತಾಡಿದೆವು. ಅರ್ಧಕ್ಕಿಂತ ಜಾಸ್ತಿ ಅವರ ತಾಯಿಯ ಮೊಣಕಾಲು ನೋವಿನ ಬಗ್ಗೆ. ಕೊನೆಗೆ ಅವರೇ, "ಬಸ್ ಬಂತು ಅಣ್ಣ, ಹತ್ತುತೀನಿ" ಅಂದರು. ಆಮೇಲೆ ಹಳೇ ಫೋನಿಗೆ ಬ್ಯಾಟರಿ ಬದಲಿಸಿದರು. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಎಲ್ಲ ಸಲವೂ ಹೀಗೆ ಆಗುವುದಿಲ್ಲ. ಅದೇ ಗುಂಪಿನ ಇನ್ನೊಬ್ಬರು ಒಂದು ಭಾನುವಾರ ಬಂದು, ತಲೆ ತಗ್ಗಿಸಿ, ಹಿಂದಿನದಕ್ಕಿಂತ ದೊಡ್ಡ ಸಂಖ್ಯೆ ಹೇಳಿದರು. ಹೊಸ ಸಾಲ ಮಾಡಿದ್ದರು. ಯಾರೂ ಏನೂ ಅನ್ನಲಿಲ್ಲ, ಬರೆದುಕೊಂಡೆವು. ಮುಂದಿನ ತಿಂಗಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು, ನಮ್ಮೆಲ್ಲರಿಗಿಂತ ಮೊದಲು.

ಹೊಸ ಸಾಲ ಯಾಕಾಗುತ್ತದೆ ಗೊತ್ತಾ? ಬಹುಪಾಲು ಆಸೆಯಿಂದಲ್ಲ. ಗಾಡಿ ಕೆಡುತ್ತದೆ, ಹಲ್ಲು ನೋಯುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಅದಕ್ಕೇ ಸಾಲ ತೀರಿಸುತ್ತಿರುವಾಗಲೂ ಒಂದು ಸಣ್ಣ ಗಂಟು ಪಕ್ಕಕ್ಕಿಡಿ. ಬಡ್ಡಿ ಕಟ್ಟುತ್ತಾ ಹಣ ಸುಮ್ನೆ ಇಟ್ಟುಕೊಳ್ಳುವುದು ದಡ್ಡತನ ಅಂತ ಗಣಿತ ಹೇಳುತ್ತದೆ. ಗಣಿತಕ್ಕೆ ಹಲ್ಲು ನೋಯುವುದಿಲ್ಲ.

(ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಸಾರ್, ನಿಮ್ಮ ಸಾಲ ಮುಗಿದಿದೆಯಾ?")

ಮುಗಿದಿದೆ. ಆರು ವರ್ಷ ಎರಡು ತಿಂಗಳು ಹಿಡಿಯಿತು. ಕೊನೆಯ ಕಂತು ಕಟ್ಟಿದ ದಿನ ಏನೋ ಆಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ. ಸಾಲ ಮುಗಿದ ಪತ್ರ ಕೇಳಿ ತೆಗೆದುಕೊಂಡೆ. ನೀವೂ ಮರೆಯದೆ ತೆಗೆದುಕೊಳ್ಳಿ. ಮನೆಗೆ ಬಂದು ಮಲಗಿದೆ. ಹೆಂಡತಿ ನೋಟ್‌ಬುಕ್ಕಿನ ಕೆಂಪು ಚೌಕದ ಮೇಲೆ ಗೀಟು ಎಳೆದಳು.

("ಹಾಗಾದರೆ ಈಗಲೂ ಆ ಸಭೆಗೆ ಯಾಕೆ ಹೋಗ್ತೀರಿ?")

ಈ ಭಾನುವಾರ ಹೊಸಬರೊಬ್ಬರು ಬರುತ್ತಿದ್ದಾರೆ. ಅವರ ಹತ್ತಿರವೂ ಕವರ್ ಇವೆಯಂತೆ, ಎಷ್ಟು ಅಂತ ಎಣಿಸಿಲ್ಲವಂತೆ. ತೆರೆಯಬೇಡಿ, ಹಾಗೇ ತನ್ನಿ ಅಂದಿದ್ದೇವೆ.